ಕುತ್ತಿಗೆಯ ಕಾಲುವೆಯಲ್ಲಿ ಹೂಳೆಷ್ಟು?

ನವಲಗುಂದದ ರೈತರಿಗೆ ಕಾಲುವೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ಹೊರಟರೂ ಕೊನೆಯ ಹೊಲಕ್ಕೆ ಅದು ಮುಟ್ಟುವ ಭರವಸೆ ಇಲ್ಲ. ನಡುವೆ ಹೂಳು ತುಂಬುತ್ತದೆ, ಜೇಕು ಬೆಳೆಯುತ್ತದೆ, ದಂಡೆ ಕುಸಿಯುತ್ತದೆ. ನೀರು ಮತ್ತು ಕರದ ಪ್ರಶ್ನೆಗಾಗಿ 1980ರ ಜುಲೈಯಲ್ಲಿ ಗೋಲಿಬಾರನ್ನು ಕಂಡ ಊರು ಇದು. ಕಾಲುವೆ ಎಲ್ಲಿ ಕಟ್ಟಿದೆ, ಎಷ್ಟು ಕಟ್ಟಿದೆ ಎಂಬ ಲೆಕ್ಕ ಇಲ್ಲಿ ಬದುಕಿನ ಲೆಕ್ಕವೇ ಆಗಿದೆ.

ಇಂಥದೇ ಎರಡು ಕಾಲುವೆಗಳು ಪ್ರತಿಯೊಬ್ಬರ ಕುತ್ತಿಗೆಯಲ್ಲೂ ಇವೆ. ಗಂಟಲಿನ ಎಡಬಲಕ್ಕೆ ಬೆರಳಿಟ್ಟರೆ ಮಿಡಿಯುವ ಕ್ಯಾರೋಟಿಡ್ ರಕ್ತನಾಳಗಳು ಅವು. ದವಡೆಯ ಕೆಳಗೆ ಪ್ರತಿಯೊಂದೂ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ಹೂಳು ಕೂರುವುದು ಹೆಚ್ಚಾಗಿ ಈ ಕವಲಿನಲ್ಲಿಯೇ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟು ಇವೆಲ್ಲ ಸೇರಿ ಒಳಗೋಡೆಗೆ ಕೊಬ್ಬು ಮತ್ತು ಸುಣ್ಣದ ಪದರ ಹತ್ತುತ್ತದೆ. ಅದರ ಚೂರೊಂದು, ಇಲ್ಲವೇ ಅದರ ಮೇಲೆ ಹೆಪ್ಪುಗಟ್ಟಿದ ರಕ್ತ, ಕಿತ್ತು ಮೇಲೆ ಹೋದರೆ ಲಕ್ವ.

ಐವತ್ತೆಂಟರ ರೈತನೊಬ್ಬನಿದ್ದಾನೆಂದು ಇಟ್ಟುಕೊಳ್ಳಿ. ಸಂತೆಯಲ್ಲಿ ಚೀಲ ಎತ್ತುವಾಗ ಬಲಗೈ ಹತ್ತು ನಿಮಿಷ ಸೋತು ಬೀಳುತ್ತದೆ, ಮಾತು ತೊದಲುತ್ತದೆ. ಮುಖ ತೊಳೆದು ಚಹಾ ಕುಡಿಯುವಷ್ಟರಲ್ಲಿ ಎಲ್ಲವೂ ಸರಿಯಾಗುತ್ತದೆ. "ಬಿಸಲಿಗೆ ಹಂಗಾತು" ಎಂದು ಮನೆಗೆ ಹೋಗುತ್ತಾನೆ. ಇನ್ನು ಕೆಲವರಿಗೆ ಒಂದೇ ಕಣ್ಣಿಗೆ ಪರದೆ ಇಳಿಬಿಟ್ಟಂತೆ ಕತ್ತಲಾಗಿ ಕೆಲವು ನಿಮಿಷಗಳಲ್ಲಿ ತಿಳಿಯಾಗುತ್ತದೆ. ನೋವಿಲ್ಲ, ಗುರುತು ಉಳಿಯುವುದಿಲ್ಲ. ಆದ್ದರಿಂದಲೇ ಜನ ಇದನ್ನು ಮರೆಯುತ್ತಾರೆ. ವೈದ್ಯರ ದೃಷ್ಟಿಯಲ್ಲಿ ಇದು ದೊಡ್ಡ ಲಕ್ವದ ಮುನ್ಸೂಚನೆ, ಮತ್ತು ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು.

ಈ ರೈತ ಹುಬ್ಬಳ್ಳಿಗೆ ಹೋಗಿ ಕುತ್ತಿಗೆಯ ಸ್ಕ್ಯಾನ್ ಮಾಡಿಸಿದನೆನ್ನಿ. ಒಂದು ಕಡೆಯ ವರದಿ "ಶೇ 60 ಬ್ಲಾಕ್" ಎನ್ನುತ್ತದೆ, ಇನ್ನೊಂದು ಕಡೆಯದು "ಶೇ 75". ಮೂರನೆಯದು "ಶೇ 84" ಎನ್ನಲೂಬಹುದು. ಮನೆಯವರು ಗಾಬರಿಯಾಗುತ್ತಾರೆ: ಯಾರು ಸುಳ್ಳು ಹೇಳುತ್ತಿದ್ದಾರೆ? ಅಥವಾ ವಾರದೊಳಗೆ ರೋಗ ಹೆಚ್ಚಾಯಿತೇ?

ಯಾರೂ ಸುಳ್ಳು ಹೇಳಿಲ್ಲ, ರೋಗವೂ ಹೆಚ್ಚಾಗಿಲ್ಲ. ಅಳತೆಗೋಲು ಬದಲಾಗಿದೆ ಅಷ್ಟೆ.

ಹೂಳು ತುಂಬಿದ ಕಾಲುವೆಯನ್ನು ಅಳೆಯಲು ಎರಡು ದಾರಿಗಳಿವೆ. ಹೂಳಿರುವ ಜಾಗದಲ್ಲಿಯೇ ಮೂಲ ಅಗಲ ಎಷ್ಟಿದ್ದಿರಬಹುದೆಂದು ಅಂದಾಜು ಮಾಡಿ ಅದರೊಡನೆ ಹೋಲಿಸುವುದು ಒಂದು. ನೀರು ಹರಿಯುವ ದಿಕ್ಕಿನಲ್ಲಿ ಮುಂದೆ ಹೋಗಿ, ಹೂಳಿಲ್ಲದ ಜಾಗದ ಅಗಲವನ್ನು ನೋಡಿ ಅದರೊಡನೆ ಹೋಲಿಸುವುದು ಇನ್ನೊಂದು. ಕುತ್ತಿಗೆಯ ಕವಲು ಸ್ವಭಾವದಿಂದಲೇ ಸ್ವಲ್ಪ ಉಬ್ಬಿರುತ್ತದೆ. ಅದರ ಮುಂದಿನ ನಾಳ ಸಪೂರ. ನಮ್ಮ ರೈತನ ಕವಲಿನ ಮೂಲ ಅಗಲ 8 ಮಿ.ಮೀ., ಮುಂದಿನ ಆರೋಗ್ಯವಂತ ನಾಳ 5 ಮಿ.ಮೀ., ಅತಿ ಇಕ್ಕಟ್ಟಿನ ಜಾಗ 2 ಮಿ.ಮೀ. ಎಂದುಕೊಂಡರೆ, ಎಂಟಕ್ಕೆ ಹೋಲಿಸಿದಾಗ ಶೇ 75 ಮುಚ್ಚಿದೆ, ಐದಕ್ಕೆ ಹೋಲಿಸಿದಾಗ ಶೇ 60. ಅಗಲದ ಬದಲು ಬಾಯಿಯ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಅದೇ ಶೇ 60 ಎಂಬುದು ಶೇ 84 ಆಗುತ್ತದೆ. ಹೂಳು ಒಂದೇ, ಅಂಕೆ ಮೂರು.

ಈ ಎರಡು ಅಳತೆಗಳ ಹಿಂದೆ ಎರಡು ದೊಡ್ಡ ಪ್ರಯೋಗಗಳಿವೆ. ಕುತ್ತಿಗೆಯ ನಾಳಕ್ಕೂ ಲಕ್ವಕ್ಕೂ ಇರುವ ನಂಟನ್ನು ಕೆನಡಾದ ಮಿಲ್ಲರ್ ಫಿಷರ್ 1951ರಲ್ಲಿ ಸ್ಪಷ್ಟವಾಗಿ ತೋರಿಸಿದರು. 1954ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ವೈದ್ಯರು ಇಕ್ಕಟ್ಟಾದ ಭಾಗವನ್ನು ತೆಗೆದು ನಾಳವನ್ನು ಮತ್ತೆ ಜೋಡಿಸಿದ ವರದಿ ಪ್ರಕಟಿಸಿದರು. ಆಮೇಲೆ ಶಸ್ತ್ರಕ್ರಿಯೆಗಳು ಸಾವಿರಗಟ್ಟಲೆ ನಡೆದವು. ಆದರೆ ಯಾರಿಗೆ ಲಾಭ ಎಂಬುದು ಗೊತ್ತಿರಲಿಲ್ಲ. ಉತ್ತರ ಬಂದದ್ದು 1991ರಲ್ಲಿ. ಹೆನ್ರಿ ಬಾರ್ನೆಟ್ ಮುಂದಾಳತ್ವದ ಉತ್ತರ ಅಮೆರಿಕದ 'ನ್ಯಾಸೆಟ್' ಪ್ರಯೋಗ, ಮುಂದಿನ ಆರೋಗ್ಯವಂತ ನಾಳಕ್ಕೆ ಹೋಲಿಸಿ ಅಳೆಯಿತು. ಯುರೋಪಿನ ಪ್ರಯೋಗ ಮೂಲ ಅಗಲವನ್ನು ಅಂದಾಜಿಸಿ ಅಳೆಯಿತು. ಯುರೋಪಿನ ಲೆಕ್ಕದ ಶೇ 70 ಎಂದರೆ ನ್ಯಾಸೆಟ್ ಲೆಕ್ಕದಲ್ಲಿ ಸುಮಾರು ಶೇ 50 ಮಾತ್ರ.

ನ್ಯಾಸೆಟ್ ಕೊಟ್ಟ ಉತ್ತರ ಖಚಿತವಾಗಿತ್ತು. ಮುನ್ಸೂಚನೆ ಅಥವಾ ಸಣ್ಣ ಲಕ್ವ ಆಗಿದ್ದು, ನಾಳ ಶೇ 70ರಿಂದ 99ರವರೆಗೆ ಇಕ್ಕಟ್ಟಾಗಿದ್ದವರಲ್ಲಿ, ಬರಿಯ ಔಷಧ ಪಡೆದ ನೂರು ಮಂದಿಯಲ್ಲಿ 26 ಮಂದಿಗೆ ಎರಡು ವರ್ಷದೊಳಗೆ ಅದೇ ಬದಿಯ ನಾಳದಿಂದ ಲಕ್ವವಾಯಿತು. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಅದು 9ಕ್ಕೆ ಇಳಿಯಿತು. ಆರು ಮಂದಿಗೆ ಶಸ್ತ್ರಕ್ರಿಯೆಯಾದರೆ ಒಬ್ಬರ ಲಕ್ವ ತಪ್ಪಿದಂತೆ. 1998ರಲ್ಲಿ ಬಂದ ಮುಂದಿನ ವರದಿಯ ಪ್ರಕಾರ ಶೇ 50ರಿಂದ 69ರವರೆಗೆ ಲಾಭ ಸಾಧಾರಣ. ಶೇ 50ಕ್ಕಿಂತ ಕಡಿಮೆಯಿದ್ದರೆ ಲಾಭವೇ ಇಲ್ಲ. ಶಸ್ತ್ರಕ್ರಿಯೆಯಲ್ಲಿಯೂ ಲಕ್ವದ, ಸಾವಿನ ಅಪಾಯ ಇದ್ದೇ ಇದೆ.

ಈಗ ನಮ್ಮ ರೈತನ ಕಡೆಗೆ ತಿರುಗಿ ನೋಡಿ. ಶೇ 75 ಎಂಬ ಅಂಕೆಯನ್ನು ಮಾತ್ರ ಓದಿದವರು "ಕೂಡಲೇ ಆಪರೇಷನ್" ಎಂದಾರು. ನ್ಯಾಸೆಟ್ ಲೆಕ್ಕದ ಶೇ 60 ಎಂದು ತಿಳಿದವರು ವಯಸ್ಸು, ಹೃದಯ, ಮುನ್ಸೂಚನೆ ಬಂದು ಕಳೆದ ದಿನಗಳು, ಶಸ್ತ್ರವೈದ್ಯರ ಅನುಭವ ಎಲ್ಲವನ್ನೂ ತೂಗಿ ಮಾತಾಡುತ್ತಾರೆ. ಅಂಕೆಯ ಹಿಂದಿನ ಅಳತೆಗೋಲು ಗೊತ್ತಿಲ್ಲದಿದ್ದರೆ ಕುತ್ತಿಗೆಗೆ ಕತ್ತಿ ಸುಮ್ಮನೆ ಬೀಳಬಹುದು, ಬೀಳಬೇಕಾದಾಗ ತಪ್ಪಿಹೋಗಲೂಬಹುದು.

ಅಳೆಯುವ ಯಂತ್ರಗಳ ಕಥೆಯೂ ಸ್ವಾರಸ್ಯದ್ದು. ನಾಳಕ್ಕೆ ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆಯುವ ಆಂಜಿಯೋಗ್ರಾಮನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1927ರಲ್ಲಿ ಮಿದುಳಿಗೆ ಬಳಸಿದರು. ಮೇಲಿನ ಎರಡು ಪ್ರಯೋಗಗಳೂ ಅದನ್ನೇ ನಂಬಿದವು. ಆದರೆ ನೂರಕ್ಕೆ ಸುಮಾರು ಒಬ್ಬರಿಗೆ ಆ ಪರೀಕ್ಷೆಯಿಂದಲೇ ಲಕ್ವವಾಗುವ ಅಪಾಯವಿತ್ತು. ಹೀಗಾಗಿ ಈಗ ಮೊದಲು ಮಾಡುವುದು ಡಾಪ್ಲರ್ ಸ್ಕ್ಯಾನ್. ಸೂಜಿಯಿಲ್ಲ, ವಿಕಿರಣವಿಲ್ಲ.

ಡಾಪ್ಲರ್ ಮುಖ್ಯವಾಗಿ ಅಳೆಯುವುದು ಅಗಲವನ್ನಲ್ಲ, ವೇಗವನ್ನು. ಇಕ್ಕಟ್ಟಾದ ತೂಬಿನಲ್ಲಿ ನೀರು ರಭಸದಿಂದ ಚಿಮ್ಮುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಎದುರು ಬರುವ ಬಸ್ಸಿನ ಹಾರನ್ ದಾಟಿಹೋದೊಡನೆ ದಪ್ಪನಾಗಿ ಕೇಳುತ್ತದಲ್ಲ, ಅದರ ಕಾರಣವನ್ನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ್ದರು. ಓಡುವ ರಕ್ತಕಣಗಳಿಗೆ ಬಡಿದು ಮರಳುವ ಶಬ್ದದಿಂದ ಅವುಗಳ ವೇಗ ತಿಳಿಯುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ತಜ್ಞರ ಒಮ್ಮತದ ಪ್ರಕಾರ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ಶೇ 50ಕ್ಕೂ, 230 ಸೆಂ.ಮೀ. ದಾಟಿದರೆ ಶೇ 70ಕ್ಕೂ ಹೆಚ್ಚು ಇಕ್ಕಟ್ಟು, ಅದೂ ನ್ಯಾಸೆಟ್ ಲೆಕ್ಕದಲ್ಲಿ.

ಇದರಲ್ಲಿಯೂ ಮೋಸಗಳಿವೆ. ಒಂದು ಬದಿಯ ನಾಳ ಪೂರ್ತಿ ಮುಚ್ಚಿದರೆ ಇನ್ನೊಂದು ಬದಿ ಹೆಚ್ಚು ರಕ್ತ ಹೊರಬೇಕಾಗಿ ವೇಗ ಸುಮ್ಮನೆ ಏರುತ್ತದೆ. ನಾಳ ಕೂದಲೆಳೆಯಷ್ಟು ಉಳಿದಾಗ ವೇಗ ಇಳಿದೇ ಹೋಗುತ್ತದೆ. ನೀರಿಲ್ಲದ ಕಾಲುವೆಯಂತೆ ಮುಂದಿನ ನಾಳವೂ ಕುಗ್ಗುವುದರಿಂದ ನ್ಯಾಸೆಟ್ ಲೆಕ್ಕವೂ ತಪ್ಪುತ್ತದೆ. ಸುಣ್ಣ ಗಟ್ಟಿಯಾಗಿದ್ದರೆ ಅದರ ನೆರಳು ಚಿತ್ರವನ್ನು ಮರೆಮಾಡುತ್ತದೆ. ಆದ್ದರಿಂದ ಕತ್ತಿ ಹಿಡಿಯುವ ಮೊದಲು ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮಿನಿಂದ ಡಾಪ್ಲರಿನ ಮಾತನ್ನು ಖಾತ್ರಿ ಮಾಡಿಕೊಳ್ಳುವುದು ರೂಢಿ.

ನಮ್ಮವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಭಾರತೀಯರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಇಕ್ಕಟ್ಟಾಗುವುದು ಪಾಶ್ಚಾತ್ಯರಿಗಿಂತ ಹೆಚ್ಚು. ಕುತ್ತಿಗೆಯ ಡಾಪ್ಲರ್ ಅದನ್ನು ಕಾಣದು. ಕುತ್ತಿಗೆ ಶುದ್ಧವಾಗಿದೆ ಎಂದ ಮಾತ್ರಕ್ಕೆ ಮುನ್ಸೂಚನೆಯನ್ನು ಮರೆಯುವಂತಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಯಾವ ತೊಂದರೆಯೂ ಇಲ್ಲದವರು 'ಪ್ಯಾಕೇಜ್' ಎಂದು ಕುತ್ತಿಗೆಯ ಸ್ಕ್ಯಾನ್ ಮಾಡಿಸಿ ಹೆದರಿಕೊಳ್ಳುವುದೂ ಸಲ್ಲ. ಲಕ್ಷಣವಿಲ್ಲದ ಜನಸಾಮಾನ್ಯರಿಗೆ ಈ ತಪಾಸಣೆ ಬೇಡವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2014ರಲ್ಲಿ ಹೇಳಿತ್ತು. 2021ರಲ್ಲಿ ಅದನ್ನೇ ಪುನರುಚ್ಚರಿಸಿತು. ಅಂಥವರಿಗೆ ರಕ್ತದೊತ್ತಡ, ಸಕ್ಕರೆ, ಕೊಬ್ಬು ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು ಹೆಚ್ಚು ಉಪಯುಕ್ತ.

ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಯಾವ ಬದಿ? ಯಾವ ಲೆಕ್ಕದ ಶೇಕಡಾ? ವೇಗ ಎಷ್ಟು? ಲಕ್ಷಣ ಕಂಡ ಬದಿಗೂ ಇದಕ್ಕೂ ತಾಳೆಯಿದೆಯೇ? ಬಲಗೈ ಸೋತವನಿಗೆ ನೋಡಬೇಕಾದದ್ದು ಎಡಗಡೆಯ ನಾಳ, ಏಕೆಂದರೆ ದೇಹದ ಬಲಭಾಗವನ್ನು ಆಳುವುದು ಎಡ ಮಿದುಳು.

ಶಸ್ತ್ರಕ್ರಿಯೆ ಬೇಕಾದವರಿಗೆ ಅದರ ಲಾಭ ಹೆಚ್ಚು ದೊರೆಯುವುದು ಮುನ್ಸೂಚನೆ ಕಂಡ ಎರಡು ವಾರದೊಳಗೆ ಮಾಡಿಸಿದಾಗ. ಕೈ ಸೋತದ್ದು ಬಿಡದೇ ಇದ್ದರೆ ಗಂಟೆಗಳ ಲೆಕ್ಕ: ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ನವಲಗುಂದದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದರೂ ಆ ಹೊತ್ತು ಸಾಕಾಗುತ್ತದೆ. ಸಾಕಾಗದೇ ಹೋಗುವುದು "ನಾಳೆ ನೋಡೋಣು" ಎಂದು ಕಟ್ಟೆಯ ಮೇಲೆ ಕೂತಾಗ ಮಾತ್ರ.