ಹಿತ್ತಲಿಲ್ಲದ ಮನೆಗೆ ನಾರಿನ ಬುಟ್ಟಿ

ಈ ತಿಂಗಳ ಮಾತು ಅಂಗಡಿಯದಲ್ಲ, ಮನೆಯದು. ಆದರೆ ಶುರುವಾದದ್ದು ಅಂಗಡಿಯಿಂದಲೇ. ಎಂಟು ವರ್ಷದ ಹಿಂದೆ ವ್ಯಾಪಾರದ ಸಾಲ ತೀರಿಸಲು ಕಂಬಂನ ನಮ್ಮ ಮನೆಯ ಹಿತ್ತಲನ್ನು ಮಾರಿದೆ. ಮಲ್ಲಿಗೆ ಬಳ್ಳಿ, ನುಗ್ಗೆ ಮರ, ಒಂದೆಲಗದ ಪಾತಿ ಎಲ್ಲವೂ ಹೋಯಿತು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆಯುವುದನ್ನು ಮಾತ್ರ ಬಿಟ್ಟರು.

ನಾನು ಹಗ್ಗ, ನಾರು, ಗೋಣಿಚೀಲದ ವ್ಯಾಪಾರಿ. ನನಗೆ ನಾರಿಗೇನು ಬರ ಎಂದುಕೊಂಡು ಮೂರು ತಂತಿ ಬುಟ್ಟಿ ತಂದೆ. ಒಳಗೆ ತೆಂಗಿನ ನಾರಿನ ಹಾಸು ಇಟ್ಟು, ಮಣ್ಣು ತುಂಬಿ, ಗಿಡ ನೆಟ್ಟು ಮಹಡಿಯ ಬಾಲ್ಕನಿಯಲ್ಲಿ ತೂಗುಹಾಕಿದೆ. ಅದು ಆಷಾಢ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಜರುಗುತ್ತದೆ ಎಂದು ಇಲ್ಲಿ ತಮಿಳಿನಲ್ಲಿ ಗಾದೆಯಿದೆ. ಹತ್ತೇ ದಿನದಲ್ಲಿ ಗಿಡಗಳು ಹಪ್ಪಳವಾದವು. ಆಗಲೂ ಅವರು ಏನೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಈ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲಿಗರಿದ್ದಾರೆ. ನಮಗೆ ತೆಂಗಿನ ಸಿಪ್ಪೆ ಕೊಡುವ ಹಿರಿಯರೊಬ್ಬರು ಆ ಪೈಕಿ. ಬುಟ್ಟಿ ನೋಡಿ ನಕ್ಕರು. "ಸಾಹುಕಾರ್ರೇ, ನೆಲದ ಗಿಡಕ್ಕೆ ತಲೆ ಮೇಲಷ್ಟೇ ಗಾಳಿ. ಇದಕ್ಕೆ ಹೊಟ್ಟೆಗೂ ಗಾಳಿ, ಬೆನ್ನಿಗೂ ಗಾಳಿ" ಎಂದರು. ನಲವತ್ತು ವರ್ಷ ನಾರು ಮಾರಿದ ನನಗೆ ಇಷ್ಟು ತಿಳಿದಿರಲಿಲ್ಲ. ನಾರು ಉಸಿರಾಡುತ್ತದೆ, ಅದೇ ಅದರ ಗುಣ. ಬೇರು ಕೊಳೆಯುವುದಿಲ್ಲ, ನೀರು ನಿಂತು ಸೊಳ್ಳೆ ಹುಳ ಹುಟ್ಟಿ ಅವನ್ನು ಚೆಲ್ಲಿ ಕೊಲ್ಲುವ ಪಾಪವೂ ಇಲ್ಲ. ಆದರೆ ಬಂದಷ್ಟೇ ಬೇಗ ನೀರು ಹೋಗಿಬಿಡುತ್ತದೆ. 1895ರಿಂದ ಪೆರಿಯಾರ್ ಅಣೆಕಟ್ಟಿನ ನೀರು ಕುಡಿದು ಬದುಕಿದ ಕಣಿವೆ ನಮ್ಮದು. ಮಹಡಿಯ ಮೇಲೆ ಮಾತ್ರ ಬಕೆಟ್ಟೇ ಗತಿ.

ಈಗ ಮಾಡುವ ಕ್ರಮ ಹೇಳುತ್ತೇನೆ. ಹನ್ನೆರಡು ಅಂಗುಲಕ್ಕಿಂತ ಚಿಕ್ಕ ಬುಟ್ಟಿ ಬೇಡ, ಬೇಗ ಒಣಗುತ್ತದೆ. ನಾರಿನ ಹಾಸನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಬುಟ್ಟಿಯ ಆಕಾರಕ್ಕೆ ಕೂರುತ್ತದೆ. ಅದರೊಳಗೆ, ತಳದಿಂದ ಅರ್ಧದವರೆಗೆ, ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕಾರು ತೂತು ಮಾಡಿ. ನಮ್ಮ ಗಿಡ ಉಳಿಸಿದ್ದು ಈ ಹಾಳೆಯೇ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಕೊಕೊಪೀಟ್ ಎಂದು ಮಾರುವ ನಾರಿನ ಪುಡಿ, ಮೂರೂ ಸಮ. ಪುಡಿಯಲ್ಲಿ ಉಪ್ಪಿರುತ್ತದೆ. ಚಹಾ ಬಣ್ಣ ಹೋಗುವ ತನಕ ಎರಡು ಮೂರು ನೀರಲ್ಲಿ ತೊಳೆಯಬೇಕು. ಈ ಕೆಲಸಕ್ಕೆ ಬೇಸರಪಟ್ಟವರೇ ಆಮೇಲೆ ಎಲೆಯ ಅಂಚು ಸುಟ್ಟಿತೆಂದು ನನ್ನ ಅಂಗಡಿಗೆ ಬಂದು ಜಗಳ ಮಾಡುವುದು. ಮಣ್ಣು ಅಂಚಿಗಿಂತ ಒಂದೂವರೆ ಅಂಗುಲ ಕೆಳಗಿರಲಿ.

ನಡುವೆ ದೊಡ್ಡಪತ್ರೆ, ಅಂಚಿಗೆ ಟೇಬಲ್ ರೋಸ್. ಪಕ್ಕದ ನಾರನ್ನು ಸ್ವಲ್ಪ ಸೀಳಿ ಒಂದೆಲಗದ ಬೇರು ತೂರಿಸಿದರೆ ಬುಟ್ಟಿಯೇ ಹಸಿರಾಗುತ್ತದೆ, ಆದರೆ ಅದು ನೆರಳಿನ ಬುಟ್ಟಿಗೆ ಮಾತ್ರ. ನೀರು ಕೆಳಗೆ ತೊಟ್ಟಿಕ್ಕುವವರೆಗೆ ಬೆಳಿಗ್ಗೆ ಹಾಕಿ. ಬೇಸಿಗೆಯಲ್ಲಿ, ಗಾಳಿಯ ತಿಂಗಳಲ್ಲಿ ಸಂಜೆಯೂ ಬೇಕು. ಮಣ್ಣು ಒಣಗಿ ಅಂಚು ಬಿಟ್ಟರೆ ಮೇಲಿನಿಂದ ಸುರಿದ ನೀರು ಸಂದಿಯಲ್ಲೇ ಜಾರುತ್ತದೆ. ಆಗ ಬುಟ್ಟಿ ಇಳಿಸಿ ಬಕೆಟ್ಟಿನಲ್ಲಿ ಕಾಲು ಗಂಟೆ ಇಡಿ. ನೆನೆದ ಬುಟ್ಟಿಯ ಭಾರ ಬಹಳ. ಕೊಕ್ಕೆ ಗಟ್ಟಿಯಿರಲಿ, ಕೆಳಗೆ ಮಕ್ಕಳು ಆಡುವ ಜಾಗ ಬೇಡ.

ಇಂಗ್ಲೆಂಡಿನಲ್ಲಿ ಹಿಂದೆ ಇಂಥ ಬುಟ್ಟಿಗೆ ಜವುಗು ನೆಲದ ಪಾಚಿ ಕಿತ್ತು ಹಾಸುತ್ತಿದ್ದರು. ಪಾಚಿ ಮತ್ತೆ ಬೆಳೆಯಲು ಬಹುಕಾಲ ಬೇಕು. ಈಗ ಅಲ್ಲಿಯೂ ತೆಂಗಿನ ನಾರು ಬಳಕೆಗೆ ಬಂದಿದೆ. ನಾವು ತಿಂದು ಬಿಸಾಡುವ ಕಾಯಿಯ ಸಿಪ್ಪೆ!

ನಾರಿನ ಹಾಸು ಒಂದೆರಡು ವರ್ಷ ಬಾಳುತ್ತದೆ. ನಮ್ಮದನ್ನು ಈ ಬೇಸಿಗೆಯಲ್ಲಿ ಬದಲಿಸಬೇಕಿತ್ತು. ಹೊಸ ಹಾಸು ನೆನೆಸಿಟ್ಟು ಏಣಿ ಹತ್ತಿದೆ. ನಡುವಿನ ಬುಟ್ಟಿಯಲ್ಲಿ, ಹಾಸಿನ ನಾರನ್ನೇ ಕಿತ್ತು, ಪಿಕಳಾರ ಹಕ್ಕಿ ಗೂಡು ಕಟ್ಟಿ ಮೊಟ್ಟೆಯಿಟ್ಟಿದೆ. ಮನೆಯವರು ಏಣಿ ಹಿಡಿದು "ಇಳಿಯಿರಿ ಸಾಕು" ಎಂದರು. ಗಿಡ ಹೋದರೆ ಮತ್ತೆ ನೆಡೋಣವಂತೆ. ಈಗ ದಿನಾ ಬೆಳಿಗ್ಗೆ ಬಾಲ್ಕನಿ ಬಾಗಿಲು ತೆರೆದು, ಹಕ್ಕಿ ಹಾರಿದ ಹೊತ್ತು ನೋಡಿ, ಬುಟ್ಟಿಯ ಅಂಚಿಗೆ ಒಂದು ಲೋಟ ನೀರು ಬಿಡುತ್ತಾರೆ. ನೆನೆಸಿದ ಹಾಸನ್ನು ಮತ್ತೆ ಒಣಗಿಸಿ ಅಂಗಡಿಯಲ್ಲಿಟ್ಟಿದ್ದೇನೆ.