ರುಜು ಮರೆತವರ ಪಿಂಚಣಿ

ನವೆಂಬರ್ ಬಂತೆಂದರೆ ಬೆಂಗಳೂರಿನ ಎನ್.ಆರ್. ಕಾಲೋನಿಯ ಹಳೆಯ ಮನೆಗಳಲ್ಲಿ ಪಿಂಚಣಿದಾರರ ಲೈಫ್ ಸರ್ಟಿಫಿಕೇಟಿನ ಗಡಿಬಿಡಿ. ಮರೆಗುಳಿತನ ಬಂದವರನ್ನು ಆಟೋ ಹತ್ತಿಸಿ ಬ್ಯಾಂಕಿಗೆ ಕರೆದೊಯ್ಯುವ ಪಾಡು ಈಗ ತುಸು ಕಡಿಮೆ. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಸರ್ಟಿಫಿಕೇಟಿಗೆ 2021ರಿಂದ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿದರೂ ಸಾಕು.

ನಿಜವಾದ ತೊಡಕು ರುಜುವಿನದು. ಚೆಕ್ಕಿನ ಮೇಲೆ ಅರ್ಧ ಹೆಸರು ಬರೆದು, ಮುಂದಿನ ಅಕ್ಷರ ಹೊಳೆಯದೆ ಪೆನ್ನು ಹಿಡಿದೇ ಕೂರುವ ತಾಯಿ. ‘ಪವರ್ ಆಫ್ ಅಟಾರ್ನಿ ಇದೆಯಲ್ಲ ಸಾರ್’ ಎನ್ನುವ ಮಗ. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಬೇಕಾದ ಹೊತ್ತಿಗೇ ಕೈಕೊಡುವ ಪತ್ರ! 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಷ್ಟೇ ಮಾತು, ಆಸ್ತಿಯಲ್ಲಿಲ್ಲ. ಪಾಲಕರ ನೇಮಕಕ್ಕೆ ದಾರಿ ಮಾಡುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಹೆಸರಿಸುವ ವೈಕಲ್ಯಗಳಲ್ಲಿ ಮರೆಗುಳಿತನ ಇಲ್ಲ. ಕೊನೆಗೆ ಪಾಲಕರನ್ನು ನೇಮಿಸಿಕೊಡಿ ಎಂದು ಕೋರ್ಟು ಮೆಟ್ಟಿಲು ಹತ್ತಬೇಕು. ವಕೀಲರ ಫೀಸು ಬೇರೆ.

ಬುದ್ಧಿ ನೆಟ್ಟಗಿದ್ದಾಗ ಬರೆದುಕೊಟ್ಟ ಅಧಿಕಾರ ಆಮೇಲೂ ಊರ್ಜಿತವಾಗಿರುವಂಥ ಏರ್ಪಾಡನ್ನು ಇಂಗ್ಲೆಂಡ್ 2005ರ ಕಾಯ್ದೆಯಲ್ಲೇ ಮಾಡಿಕೊಂಡಿದೆ. ದುರುಪಯೋಗದ ಭಯ ಸುಳ್ಳಲ್ಲ. ಬಸವನಗುಡಿ ಸೀಮೆಯ ನಿವೇಶನದ ಬೆಲೆ ಎಂಥ ಮಗನನ್ನೂ ಕೆಡಿಸೀತು. ಅದಕ್ಕೆ ನೋಂದಣಿ, ಲೆಕ್ಕ ತಪಾಸಣೆಗಳಿರಲಿ. ನಮ್ಮ ಸಂಸತ್ತೂ ಇಂಥ ಕಾನೂನು ತರಲು ಇನ್ನು ತಡಮಾಡಬಾರದು. ಅಲ್ಲಿಯತನಕ, ಮರೆವಿನ ಮೊದಲ ಸುಳಿವಿಗೇ ಪಿಂಚಣಿ ಖಾತೆಗೆ ಗಂಡ ಅಥವಾ ಹೆಂಡತಿಯ ಹೆಸರು ಸೇರಿಸಿ, ಉಯಿಲು ಬರೆಸಿಡುವುದು ಲೇಸು.