ದಾರಿ ಬಿಟ್ಟವನು ಸೋತವನಲ್ಲ

ಕುಮಟಾದಿಂದ ಶಿರಸಿಗೆ ಹೊರಟು ಕತಗಾಲ ದಾಟಿದರೆ ಮುಂದೆ ದೇವಿಮನೆ ಘಟ್ಟ. ತಿರುವಿನಲ್ಲೇ ಓವರ್‌ಟೇಕ್ ಮಾಡಲು ನುಗ್ಗುವವರ ಧೈರ್ಯ ಕಾಣಬೇಕಾದರೆ ಈ ದಾರಿಯಲ್ಲಿ ಒಮ್ಮೆ ಬನ್ನಿ. ಎದುರಿಗೆ ಬಸ್ಸು ಬಂದರೆ ಇವರು ಹಿಂದೆ ಸರಿಯುವುದಿಲ್ಲ, ಲೈಟು ಹಾಕಿ ಹಾರ್ನ್ ಬಾರಿಸುತ್ತಾರೆ. 'ನಾನಂತೂ ನಿಲ್ಲುವುದಿಲ್ಲ, ಬದುಕಬೇಕಿದ್ದರೆ ನೀನೇ ಸರಿ' ಎಂಬುದು ಅದರ ಅರ್ಥ.

ಘಟ್ಟಕ್ಕೂ ಒಂದು ಕಾನೂನಿದೆ. ರಸ್ತೆ ಕಿರಿದಾದ ಕಡೆ ಇಳಿದು ಬರುವವನು ಪಕ್ಕಕ್ಕೆ ನಿಲ್ಲಿಸಿ ಏರುವವನಿಗೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಸರಕು ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡ ಎಷ್ಟು ಮಂದಿಗೆ ಇದು ಗೊತ್ತು? ನಮ್ಮಲ್ಲಿ ನಡೆಯುವುದು ಗಾತ್ರದ ಕಾನೂನು. ಲಾರಿಗೆ ಕಾರು ಹೆದರಬೇಕು, ಕಾರಿಗೆ ಬೈಕು ಹೆದರಬೇಕು, ನಡೆದು ಹೋಗುವವನು ಎಲ್ಲರಿಗೂ ಹೆದರಬೇಕು.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ವ್ಯಾಪಾರಿಗಳು ತರಕಾರಿ ಲಾರಿಯಲ್ಲಿ ಕುಮಟಾ ಸಂತೆಗೆ ಬರುತ್ತಿದ್ದರು. ಯಲ್ಲಾಪುರ ತಾಲೂಕಿನ ಅರೆಬೈಲ್ ಘಟ್ಟದಲ್ಲಿ ಲಾರಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಚಾಲಕ ತೀರಾ ಎಡಕ್ಕೆ ಸರಿಸಿದ್ದ ಎಂದು ಪೊಲೀಸರು ಅಂದು ಹೇಳಿದ್ದರು. ಸರಕಿನ ಮೇಲೆ ಜನರನ್ನು ಕೂರಿಸಿದ್ದು ತಪ್ಪಲ್ಲವೇ? ತಪ್ಪೇ. ಅಂಚಿಗೆ ತಡೆಗೋಡೆ ಇಲ್ಲದ್ದೂ ತಪ್ಪೇ. ಆ ಇನ್ನೊಂದು ವಾಹನದವನ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಘಟ್ಟದಲ್ಲಿ ಒಂದು ಮೊಳ ಜಾಗದ ಬೆಲೆ ಎಷ್ಟೆಂದು ಆ ಹತ್ತು ಮನೆಗಳಿಗೆ ಗೊತ್ತು.

'ಮೊದಲು ರಸ್ತೆ ಸರಿ ಮಾಡಲಿ' ಎನ್ನುತ್ತೀರಿ. ಮಾಡಲೇಬೇಕು. ಆದರೆ ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿ ಹೆದ್ದಾರಿ ಚತುಷ್ಪಥವಾದ ಕಡೆಯಲ್ಲೆಲ್ಲ ನಾವು ಮಾಡಿದ್ದೇನು? ನಿಧಾನದ ಲಾರಿ ಬಲಗಡೆ ಓಡುತ್ತದೆ, ವೇಗದ ಕಾರು ಎಡದಿಂದ ನುಗ್ಗುತ್ತದೆ. ತಿರುಗಲು ಇನ್ನೂ ಸ್ವಲ್ಪ ಮುಂದೆ ಹೋಗಬೇಕೆಂದು ಬೈಕಿನವರು ಎದುರು ದಿಕ್ಕಿನಲ್ಲೇ ಬರುತ್ತಾರೆ. 2019ರ ತಿದ್ದುಪಡಿಯ ನಂತರ ಇದು ಅಪಾಯಕಾರಿ ಚಾಲನೆಯ ಅಪರಾಧ. ರಸ್ತೆ ಅಗಲವಾಯಿತು, ಮನಸ್ಸು ಆಗಲಿಲ್ಲ.

ಪೇಟೆಯ ಬಾಯಲ್ಲಿ ಹೆಲ್ಮೆಟ್ ನೋಡುವ ಪೊಲೀಸರು ಘಟ್ಟದ ತಿರುವಿನಲ್ಲೂ ನಿಲ್ಲಲಿ. ಟ್ರಿಪ್ಪಿನ ಲೆಕ್ಕ ಕೇಳುವ ಮಾಲೀಕರು ಚಾಲಕ ಹೇಗೆ ಓಡಿಸಿದನೆಂಬ ಲೆಕ್ಕವನ್ನೂ ಕೇಳಲಿ. ಮಗನಿಗೆ ಬೈಕು ಕೊಡಿಸುವ ತಂದೆ ಕೀಲಿ ಕೊಡುವ ಮೊದಲು ಒಂದು ಮಾತು ಹೇಳಲಿ: ದಾರಿ ಬಿಟ್ಟರೆ ಮರ್ಯಾದೆ ಹೋಗುವುದಿಲ್ಲ, ಮಗನೇ. ಬಿಡದಿದ್ದರೆ ಜೀವ ಹೋಗುತ್ತದೆ. ಎಷ್ಟೋ ಸಲ ಅದು ಬೇರೆಯವರ ಜೀವವಾಗಿರುತ್ತದೆ.